ರೇಡಿಯೊ ಮೇಜಿಗೊಂದು ಪವರ್ ಸಪ್ಲೈ, ಅದರ ಸುತ್ತ ಒಂದಿಷ್ಟು ಕನ್ನಡ

ಅಮೆರಿಕದಲ್ಲಿ ಹ್ಯಾಮ್ ರೇಡಿಯೊ ಲೈಸೆನ್ಸಿಗೆ ಕನಿಷ್ಠ ವಯಸ್ಸು ಎಂಬುದಿಲ್ಲ. ಟೆಕ್ನಿಶಿಯನ್ ಪರೀಕ್ಷೆಯ 35 ಪ್ರಶ್ನೆಗಳಲ್ಲಿ 26 ಸರಿಯಾದರೆ ಮಗುವಿಗೂ ಕಾಲ್‌ಸೈನ್ ಸಿಗುತ್ತದೆ. ಕೆಲವು ತಿಂಗಳು ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊದಲ್ಲಿ ಕಳೆದ ಮೇಲೆ ಮೇಜಿನ ಮೇಲಿಡುವ ದೊಡ್ಡದು ಬೇಕೆನಿಸುವುದು ಸಹಜ. ಆಗ ಎಲ್ಲರೂ ರೇಡಿಯೊವನ್ನು ಹುಡುಕಿ ಹುಡುಕಿ ಆರಿಸುತ್ತಾರೆ. ಅದಕ್ಕೆ ಕರೆಂಟು ಕೊಡುವ ಪೆಟ್ಟಿಗೆಯನ್ನು ಮಾತ್ರ ಕೊನೆಗೆ, ಅಗ್ಗಕ್ಕೆ ಸಿಕ್ಕಿದ್ದನ್ನು ತರುತ್ತಾರೆ. ಈ ಸಲ ಆ ಪೆಟ್ಟಿಗೆಯ ಬಗ್ಗೆಯೇ ಮಾತಾಡೋಣ.

ಇಂಥ ರೇಡಿಯೊಗಳಲ್ಲಿ ಹೆಚ್ಚಿನವು ನಡೆಯುವುದು 13.8 ವೋಲ್ಟ್ ಡಿಸಿಯಲ್ಲಿ. ಎಂಜಿನ್ ಓಡುತ್ತಿರುವ ಕಾರಿನಲ್ಲಿ ಸಿಗುವುದೂ ಹೆಚ್ಚುಕಮ್ಮಿ ಅಷ್ಟೇ. ಐಕಾಮ್ ಐಸಿ-7300 ತರಹದ 100 ವಾಟ್ ರೇಡಿಯೊ ಸುಮ್ಮನೆ ಕೇಳುವಾಗ ಸುಮಾರು 1 ಆಂಪಿಯರ್ ಎಳೆಯುತ್ತದೆ, ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುವಾಗ 21 ಆಂಪಿಯರ್‌ವರೆಗೆ.

ಪವರ್ ಸಪ್ಲೈ ಮೇಲೆ ಎರಡು ಅಂಕಿಗಳಿರಬಹುದು, ಗಮನಿಸಿ. ಆಸ್ಟ್ರಾನ್ ಆರ್‌ಎಸ್-35 ಎಂಬುದರ ಹೆಸರಿನಲ್ಲಿ 35 ಇದ್ದರೂ ಬಿಡುವಿಲ್ಲದೆ ಅದು ಕೊಡುವುದು 25 ಆಂಪಿಯರ್. 35 ಸ್ವಲ್ಪ ಹೊತ್ತಿಗೆ ಮಾತ್ರ. ನೀವು ನೋಡಬೇಕಾದದ್ದು ಬಿಡುವಿಲ್ಲದೆ ಕೊಡುವ ಅಂಕಿ. ಮಾತಾಡುವಾಗ ನಡುನಡುವೆ ಉಸಿರು ತೆಗೆದುಕೊಳ್ಳುತ್ತೇವೆ, ಪೆಟ್ಟಿಗೆಗೂ ಬಿಡುವು ಸಿಗುತ್ತದೆ. ಮಕ್ಕಳಿಗೆ ಇಷ್ಟವಾಗುವ ಎಫ್‌ಟಿ8ನಲ್ಲಿ ಹಾಗಲ್ಲ: 15 ಸೆಕೆಂಡಿನ ಸರದಿಯಲ್ಲಿ ಸುಮಾರು 12.6 ಸೆಕೆಂಡು ಒಂದೇ ಸಮನೆ ಪ್ರಸಾರ. ಬಿಡುವಿಲ್ಲದೆ 25ರಿಂದ 30 ಆಂಪಿಯರ್ ಕೊಡುವುದನ್ನು ಒಮ್ಮೆ ಕೊಂಡರೆ ಮತ್ತೆ ಕೊಳ್ಳುವ ಕೆಲಸವಿಲ್ಲ.

ಮುಂದಿನ ಪ್ರಶ್ನೆ, ಲೀನಿಯರ್ರೋ ಸ್ವಿಚಿಂಗೋ? ಲೀನಿಯರ್ ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್ ಇರುತ್ತದೆ; ತೂಕ 10 ಕಿಲೊ ದಾಟಬಹುದು, ಬಿಸಿಯಾಗುತ್ತದೆ, ಆದರೆ ರೇಡಿಯೊದಲ್ಲಿ ಸದ್ದೆಬ್ಬಿಸುವುದಿಲ್ಲ. ಸ್ವಿಚಿಂಗ್ ಹಗುರ, ಅಪಾರ್ಟ್‌ಮೆಂಟಿಗೆ ಅನುಕೂಲ. ಕಳಪೆಯದಾದರೆ ಕೆಲವು ಫ್ರೀಕ್ವೆನ್ಸಿಗಳಲ್ಲಿ ಗುಂಯ್‌ಗುಡುವ ಕಾಟ. ಅನುಮಾನವಿದ್ದರೆ ರೇಡಿಯೊವನ್ನು ಸ್ವಲ್ಪ ಹೊತ್ತು ಬ್ಯಾಟರಿಗೆ ಜೋಡಿಸಿ, ಸಪ್ಲೈ ಆರಿಸಿ ಕೇಳಿ. ಸದ್ದು ನಿಂತರೆ ಕಳ್ಳ ಸಿಕ್ಕಂತೆ.

ಇನ್ನು ಮಕ್ಕಳ ವಿಷಯ. 13.8 ವೋಲ್ಟ್ ಒಣ ಕೈಗೆ ಶಾಕ್ ಹೊಡೆಯುವುದಿಲ್ಲ. ಆದರೆ ಎರಡು ಟರ್ಮಿನಲ್‌ಗಳ ನಡುವೆ ಬಳೆ, ಉಂಗುರ ಅಥವಾ ಸ್ಪ್ಯಾನರ್ ಸಿಕ್ಕಿಕೊಂಡರೆ 25 ಆಂಪಿಯರ್ ಆ ಲೋಹವನ್ನು ಕ್ಷಣದಲ್ಲಿ ಕಾಯಿಸಿ ಚರ್ಮ ಸುಡಬಲ್ಲದು. ಆದ್ದರಿಂದ ಟರ್ಮಿನಲ್‌ಗಳ ಮೇಲೆ ಮುಚ್ಚಳ ಇರಲಿ, ಬಳೆ ಉಂಗುರ ತೆಗೆದಿಟ್ಟೇ ಮೇಜಿಗೆ ಕೂರುವುದು ರೂಢಿಯಾಗಲಿ. ಮುಖದ ಮೇಲೆ ವೋಲ್ಟೇಜ್ ಏರಿಸುವ ಗುಂಡಿ ಇದ್ದರೆ ಪುಟ್ಟ ಕೈ ಅದನ್ನು ತಿರುಗಿಸಿಯೇ ತಿರುಗಿಸುತ್ತದೆ. ಐಸಿ-7300 ತಡೆಯುವುದು 15.8 ವೋಲ್ಟ್‌ವರೆಗೆ ಅಷ್ಟೇ. ಚಿಕ್ಕ ಮಕ್ಕಳಿರುವ ಮನೆಗೆ 13.8ಕ್ಕೆ ಕಟ್ಟಿಟ್ಟದ್ದೇ ವಾಸಿ. ಗಾಳಿ ಆಡುವ ಕಿಂಡಿಗಳ ಮೇಲೆ ಪುಸ್ತಕ ಇಡಬಾರದು. ಫ್ಯೂಸ್ ಹೋದರೆ ಅದೇ ಅಂಕಿಯದನ್ನೇ ಹಾಕಬೇಕು. ಪೆಟ್ಟಿಗೆಯ ಮುಚ್ಚಳವನ್ನಂತೂ ಬಿಚ್ಚಲೇಬಾರದು: ಒಳಗೆ ಗೋಡೆಯ 120 ವೋಲ್ಟ್ ಇದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರಬಹುದು.

ಈ ನಿಯಮಗಳನ್ನೆಲ್ಲ ಕನ್ನಡದಲ್ಲೇ ಹೇಳಿಕೊಡಿ ಎನ್ನುವುದು ನನ್ನ ಸಲಹೆ. ನಮ್ಮ ಮನೆಗಳಲ್ಲಿ ಕನ್ನಡ ಎಷ್ಟೋ ಸಲ ‘ಊಟ ಮಾಡು, ಹಲ್ಲುಜ್ಜು, ಮಲಗು’ ಎನ್ನುವಷ್ಟಕ್ಕೇ ನಿಂತುಬಿಡುತ್ತದೆ. ತಲೆ ಓಡಿಸುವ ಕೆಲಸ ಬಂದ ಕೂಡಲೇ ನಾವೇ ಇಂಗ್ಲಿಷಿಗೆ ಜಾರುತ್ತೇವೆ. ಆಗ ಕನ್ನಡ ಗದರಿಸಲು, ಇಂಗ್ಲಿಷ್ ಕಲಿಯಲು ಎಂದು ಮಗು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ರೇಡಿಯೊ ಮೇಜು ಈ ಲೆಕ್ಕವನ್ನು ಬದಲಿಸಬಲ್ಲದು.

ವೋಲ್ಟ್, ಆಂಪಿಯರ್, ಫ್ಯೂಸ್ ಇವಕ್ಕೆ ಕನ್ನಡ ಪದ ಹುಡುಕುತ್ತ ಕೂರಬೇಕಿಲ್ಲ. ಊರಿನ ಎಲೆಕ್ಟ್ರಿಷಿಯನ್ ಕೂಡ ಹಾಗೇ ಹೇಳುತ್ತಾನೆ. ಕ್ರಿಯಾಪದ ಕನ್ನಡದ್ದಾಗಿದ್ದರೆ ಸಾಕು. ‘ಎಷ್ಟು ಆಂಪಿಯರ್ ಎಳೀತಿದೆ ನೋಡು ಪುಟ್ಟಾ.’ ‘ವೋಲ್ಟೇಜ್ ಇಳೀತಾ?’ ‘ಸ್ಕ್ರೂ ಸಡಿಲ ಆಗಿದೆ, ಬಿಗಿ ಮಾಡು.’ ‘ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ.’ ‘ಸೀದ ವಾಸನೆ ಬಂದರೆ ಮೊದಲು ಆರಿಸು, ಆಮೇಲೆ ನನ್ನ ಕರಿ.’ ಬಿಗಿ, ಸಡಿಲ, ಸೀದ, ಬೆಚ್ಚಗೆ, ಬಿಸಿ: ಕೈ ಮೂಗು ಕಿವಿಗಳಿಂದ ಕಲಿತ ಇಂಥ ಪದಗಳು ಸುಲಭಕ್ಕೆ ಮರೆಯುವುದಿಲ್ಲ. ರೇಡಿಯೊದಲ್ಲಿ ಸದ್ದು ಬಂದಾಗ ಅದು ಗುಂಯ್ ಎನ್ನುತ್ತದೋ, ಗೊರಗೊರ ಎನ್ನುತ್ತದೋ, ಚಟಚಟ ಎನ್ನುತ್ತದೋ ಎಂದು ಮಗುವನ್ನೇ ಕೇಳಿ. ತೊಂದರೆ ಎಲ್ಲಿದೆ ಎಂದು ಹುಡುಕಲು ಆ ಉತ್ತರ ನಿಮಗೆ ನಿಜವಾಗಿಯೂ ಬೇಕಾಗಿರುತ್ತದೆ. ಅದು ಮಗುವಿಗೂ ಗೊತ್ತಾಗುತ್ತದೆ.

ಪ್ರಸಾರದಲ್ಲೂ ಕನ್ನಡಕ್ಕೆ ಅಡ್ಡಿಯಿಲ್ಲ. ಅಮೆರಿಕದ ನಿಯಮದಂತೆ ಮಾತು ಯಾವ ಭಾಷೆಯಲ್ಲಾದರೂ ನಡೆಯಬಹುದು. ಕಾಲ್‌ಸೈನ್ ಮಾತ್ರ 10 ನಿಮಿಷಕ್ಕೊಮ್ಮೆಯಾದರೂ, ಮಾತು ಮುಗಿಸುವಾಗಲೂ ಇಂಗ್ಲಿಷಿನಲ್ಲಿ ಹೇಳಬೇಕು. ಎರಡು ಭಾಷೆಗಳಲ್ಲಿ ಬೆಳೆಯುವ ಮಕ್ಕಳಿಗೆ ಇದು ಹೊಸತೇನಲ್ಲ.

ನಿಮ್ಮ ಮನೆಯ ಕೆಲಸದ ಮೇಜಿನಲ್ಲಿ, ರೇಡಿಯೊ ಇರಲಿ ಬೇರೇನೇ ಇರಲಿ, ಯಾವ ಕನ್ನಡ ಪದಗಳು ಓಡಾಡುತ್ತಿವೆ? ಬರೆದು ತಿಳಿಸಿ.