ಮೂರು ಕಾಲ ಕಂಡವನೆಲ್ಲ ದೇವನೇ?

ಮುಂಡಗೋಡ ಸಮೀಪದ ಟಿಬೆಟನ್ ನಿರಾಶ್ರಿತರ ನೆಲೆ ಆರಂಭವಾದದ್ದು 1966ರಲ್ಲಿ. ಲ್ಹಾಸಾದ ಆಸುಪಾಸಿನಲ್ಲಿ ಶತಮಾನಗಳ ಕಾಲ ಬೆಳಗಿದ ಡ್ರೆಪುಂಗ್ ಹಾಗೂ ಗಾಂದೆನ್ ವಿಹಾರಗಳು ಇಂದು ಉತ್ತರ ಕನ್ನಡದ ಈ ಕಾಡಂಚಿನಲ್ಲಿ ಮರುಜನ್ಮ ಪಡೆದಿವೆ. ಅವುಗಳನ್ನು ಕಾಣಲು ಬರುವವರಿಗೆ ಅಲ್ಲಿನ ಒಂದು ನಂಬಿಕೆ ಬೆರಗು ಹುಟ್ಟಿಸುತ್ತದೆ. ಹಿಂದಿನ ಗುರುವೇ ಮತ್ತೆ ಹುಟ್ಟಿ ಬಂದಿದ್ದಾನೆಂದು ಎಳೆಯ ಮಗುವೊಂದನ್ನು ಗುರುತಿಸುವ ಪದ್ಧತಿ ಅದು. ಈಗಿನ ದಲೈ ಲಾಮಾ ಅವರು ಎರಡು ವರ್ಷದ ಕೂಸಾಗಿದ್ದಾಗ ಹಿಂದಿನ ಲಾಮಾರ ವಸ್ತುಗಳನ್ನು ತನ್ನವೆಂದು ಆರಿಸಿಕೊಂಡ ವೃತ್ತಾಂತ ಪ್ರಸಿದ್ಧವಾಗಿದೆ. ಆದರೆ ಅವರು ತಮ್ಮನ್ನು ಸಾಮಾನ್ಯ ಬೌದ್ಧ ಭಿಕ್ಷು ಎಂದೇ ಕರೆದುಕೊಳ್ಳುತ್ತಾರೆ.

ಈ ವಿನಯದ ಹಿಂದೆ ಒಂದು ಗಹನವಾದ ಪ್ರಶ್ನೆ ಅಡಗಿದೆ. ಕಾಲವನ್ನು ದಾಟಿ ಬಂದವನು, ಹಿಂದಿನದನ್ನು ನೆನೆಯಬಲ್ಲವನು, ಮುಂದಿನದನ್ನು ಹೇಳಬಲ್ಲವನು ದೇವನೆನಿಸಿಕೊಳ್ಳುತ್ತಾನೆಯೇ? 1895ರಲ್ಲಿ ಎಚ್.ಜಿ. ವೆಲ್ಸ್ ಕಾಲಯಂತ್ರದ ಕಥೆಯನ್ನು ಬರೆದ ಮೇಲೆ ಕಾಲಯಾನಿಯ ಕಲ್ಪನೆ ಜಗತ್ತಿನ ಮನಸ್ಸನ್ನು ಆವರಿಸಿದೆ. ಅಂತಹ ಒಬ್ಬನು ನಾಳೆ ನಮ್ಮ ಊರಿಗೆ ಬಂದಿಳಿದು, ಮುಂದಿನ ವರ್ಷದ ಮಳೆಯನ್ನೂ ಮಗಳ ಮದುವೆಯನ್ನೂ ರೋಗಿಯ ಆಯುಷ್ಯವನ್ನೂ ತಪ್ಪಿಲ್ಲದೆ ಹೇಳಿದರೆ ಅವನ ಪಾದಕ್ಕೆರಗುವವರ ಸಾಲು ಎಷ್ಟು ಉದ್ದವಿರಬಹುದು! ಭವಿಷ್ಯ ಹೇಳುವವರ ಬಾಗಿಲಲ್ಲಿ ಇಂದು ನಿಂತಿರುವ ಸಾಲೇ ಅದಕ್ಕೆ ಸಾಕ್ಷಿ. ಆದ್ದರಿಂದ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ನಾವು ಯಾರಿಗೆ ತಲೆಬಾಗುತ್ತೇವೆ, ಏತಕ್ಕಾಗಿ ತಲೆಬಾಗುತ್ತೇವೆ ಎಂಬುದರ ಪ್ರಶ್ನೆ.

ಜೈನಾಗಮದ ಉತ್ತರ ಸ್ಪಷ್ಟವಾಗಿದೆ. ಕಾಲದ ಮಿತಿಯಾಚೆ ಕಾಣುವ ಶಕ್ತಿಯೊಂದರಿಂದಲೇ ಯಾರೂ ಆರಾಧ್ಯರಾಗುವುದಿಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಹೇಳುವ ಐದು ಜ್ಞಾನಗಳಲ್ಲಿ ಅವಧಿಜ್ಞಾನವೂ ಒಂದು. ಇಂದ್ರಿಯಗಳ ನೆರವಿಲ್ಲದೆ ದೂರದ ದೇಶವನ್ನೂ ಕಾಲವನ್ನೂ ಒಂದು ಮಿತಿಯೊಳಗೆ ಅರಿಯುವ ಜ್ಞಾನವದು. ಇದು ಹುಟ್ಟಿನಿಂದಲೇ ಯಾರಿಗೆ ಬರುತ್ತದೆ? ದೇವಗತಿಯ ಜೀವಿಗಳಿಗೆ ಮತ್ತು ನರಕಗತಿಯ ಜೀವಿಗಳಿಗೆ. ನಾರಕಿಗಳಿಗೂ ಇದೆ ಎಂಬ ಮಾತು ಇಲ್ಲಿ ಬಹಳ ಮುಖ್ಯವಾದುದು. ಮಿಥ್ಯಾತ್ವ ಬೆರೆತಾಗ ಅದೇ ಜ್ಞಾನ ವಿಭಂಗವೆನಿಸುತ್ತದೆ. ಆಗ ನಾರಕಿಯು ಹಿಂದಿನ ಭವದ ವೈರವನ್ನು ಕಂಡುಕೊಂಡು, ಎದುರಿಗಿರುವವನನ್ನು ಹೊಸದಾಗಿ ಹಿಂಸಿಸುತ್ತಾನೆ. ಗತಕಾಲವನ್ನು ಕಾಣುವ ಕಣ್ಣು ಅವನಿಗೆ ಬೆಳಕಾಗಲಿಲ್ಲ, ಬೆಂಕಿಯಾಯಿತು. ಕಾಲವನ್ನು ದಾಟಿ ನೋಡುವುದೇ ದೈವತ್ವವಾದರೆ ನರಕವೂ ದೇವರಿಂದ ತುಂಬಿಹೋಗಬೇಕಾಗುತ್ತದೆ. ಸ್ವರ್ಗದ ಇಂದ್ರನಾದರೂ ಅಷ್ಟೇ. ಸಾಗರೋಪಮಗಳ ಆಯುಷ್ಯ ಮುಗಿದ ಮೇಲೆ ಅವನೂ ಮೋಕ್ಷಕ್ಕಾಗಿ ಮನುಷ್ಯನಾಗಿ ಹುಟ್ಟಿ ಬರಬೇಕು.

ಭವಿಷ್ಯವನ್ನು ಅರಿತುಬಿಟ್ಟರೆ ಅದನ್ನು ತಪ್ಪಿಸಬಹುದಲ್ಲವೇ ಎಂಬುದು ಮುಂದಿನ ಆಸೆ. ಹರಿವಂಶದ ಕಥೆ ಈ ಆಸೆಯನ್ನೇ ಪರೀಕ್ಷಿಸುತ್ತದೆ. ಹನ್ನೆರಡು ವರ್ಷಗಳ ಬಳಿಕ ಮದ್ಯದ ದೆಸೆಯಿಂದ, ದ್ವೈಪಾಯನ ಮುನಿಯ ಕೋಪದಿಂದ ದ್ವಾರಕೆ ಉರಿದುಹೋಗುವುದೆಂದೂ, ಜರತ್ಕುಮಾರನ ಕೈಯಿಂದ ಕೃಷ್ಣನ ಮರಣವೆಂದೂ ನೇಮಿನಾಥ ತೀರ್ಥಂಕರರ ದಿವ್ಯವಾಣಿಯಿಂದ ತಿಳಿಯಿತು. ನಗರದ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಿದರು. ದ್ವೈಪಾಯನನು ದೂರ ಹೊರಟುಹೋದನು. ಜರತ್ಕುಮಾರನು ಕಾಡು ಸೇರಿದನು. ಆದರೆ ಹನ್ನೆರಡು ವರ್ಷ ಕಳೆಯಿತೆಂಬ ಭ್ರಾಂತಿಯಿಂದ ದ್ವೈಪಾಯನನು ಹಿಂದಿರುಗಿದನು, ಚೆಲ್ಲಿದ ಮದ್ಯವನ್ನೇ ಕುಡಿದ ಯಾದವ ಕುಮಾರರು ಅವನನ್ನು ಹಿಂಸಿಸಿದರು, ನಗರ ಉರಿಯಿತು. ಮದ್ಯವನ್ನು ಚೆಲ್ಲಬಹುದು, ಮದವನ್ನು ಚೆಲ್ಲುವುದು ಸುಲಭವಲ್ಲ. ಅದೇ ವಾಣಿಯನ್ನು ಕೇಳಿ ಪ್ರದ್ಯುಮ್ನ ಮೊದಲಾದವರು ಸಂಸಾರದ ಅಸ್ಥಿರತೆಯನ್ನು ಮನಗಂಡು ದೀಕ್ಷೆ ವಹಿಸಿದರು. ಎಲ್ಲರ ಕಿವಿಗೂ ಬಿದ್ದ ಭವಿಷ್ಯ ಒಂದೇ. ಅದರಿಂದ ಉದ್ಧಾರವಾದವರು ಬದಲಾದವರು ಮಾತ್ರ.

ಹಾಗಾದರೆ ಕಾಲವನ್ನು ದಾಟಿ ಹೋಗಿ ಬಂದ ಮಹಾತ್ಮರೇ ನಮ್ಮ ಪರಂಪರೆಯಲ್ಲಿ ಇಲ್ಲವೇ? ಇದ್ದಾರೆ. ಆಗುಂಬೆಯ ಸಮೀಪದ ಕುಂದಾದ್ರಿಯೊಡನೆ ಹೆಸರು ಬೆಸೆದುಕೊಂಡಿರುವ ಕುಂದಕುಂದಾಚಾರ್ಯರು ವಿದೇಹ ಕ್ಷೇತ್ರಕ್ಕೆ ತೆರಳಿ, ಸೀಮಂಧರ ಸ್ವಾಮಿಯ ದಿವ್ಯಧ್ವನಿಯನ್ನು ಆಲಿಸಿ ಮರಳಿದರೆಂದು ಪರಂಪರೆ ನಂಬುತ್ತದೆ. ನಮ್ಮ ಭರತ ಕ್ಷೇತ್ರದಲ್ಲಿ ಈಗ ಪಂಚಮ ಕಾಲ, ಇಲ್ಲಿ ತೀರ್ಥಂಕರರಿಲ್ಲ. ವಿದೇಹದಲ್ಲಾದರೋ ಸದಾ ಚತುರ್ಥ ಕಾಲದ ಸ್ಥಿತಿ. ಅಂದರೆ ಆಚಾರ್ಯರ ಆ ಪಯಣ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಹೋಗಿ ಬಂದಂತೆಯೇ ಆಯಿತು. ಅವರು ನೆಲದಿಂದ ನಾಲ್ಕಂಗುಲ ಮೇಲೆ ಚಲಿಸುತ್ತಿದ್ದರೆಂದು ಶ್ರವಣಬೆಳಗೊಳದ ಶಾಸನಗಳೂ ಸ್ತುತಿಸುತ್ತವೆ. ಇಷ್ಟಾದರೂ ಸಮಾಜ ಅವರನ್ನು ಜಿನರೆಂದು ಕರೆಯಲಿಲ್ಲ. ಆಚಾರ್ಯ ಪರಮೇಷ್ಠಿಯೆಂದು ವಂದಿಸಿತು. ಮಹಾವೀರ ಸ್ವಾಮಿ ಮತ್ತು ಗೌತಮ ಗಣಧರರ ನಂತರ ಅವರ ಹೆಸರನ್ನು ಮಂಗಳವೆಂದು ಸ್ಮರಿಸುವುದು ಅವರ ಪಯಣಕ್ಕಾಗಿ ಅಲ್ಲ, ಅವರು ಕೊಟ್ಟ ಸಮಯಸಾರದಂತಹ ಗ್ರಂಥಗಳಿಗಾಗಿ. ಆ ಗ್ರಂಥದ ಹೆಸರಿನಲ್ಲಿರುವ ‘ಸಮಯ’ವೆಂದರೆ ಗಳಿಗೆಯಲ್ಲ, ಆತ್ಮ.

ಚಂದ್ರಗಿರಿಯ ಮೇಲೆ ಇನ್ನೊಂದು ನಿದರ್ಶನವಿದೆ. ಸುಮಾರು ಕ್ರಿ.ಶ. 600ರ ಅಲ್ಲಿನ ಶಾಸನವು ಭದ್ರಬಾಹು ಸ್ವಾಮಿಗಳನ್ನು ಅಷ್ಟಾಂಗ ಮಹಾನಿಮಿತ್ತಗಳನ್ನು ಬಲ್ಲವರೆಂದೂ, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮೊದಲೇ ಅರಿತವರೆಂದೂ ಕೀರ್ತಿಸುತ್ತದೆ. ಆ ಅರಿವಿನಿಂದ ಅವರು ಸಿಂಹಾಸನ ಗಳಿಸಲಿಲ್ಲ, ಧಾನ್ಯ ಕೂಡಿಡಲಿಲ್ಲ. ಮುನಿಸಂಘದ ವ್ರತ ಕೆಡದಿರಲೆಂದು ಸಂಘ ದಕ್ಷಿಣಕ್ಕೆ ನಡೆಯಿತು. ಪರಂಪರೆಯ ಪ್ರಕಾರ ಅವರು ತಮ್ಮ ಅಂತ್ಯ ಸಮೀಪಿಸಿತೆಂದು ತಿಳಿದು ಅದೇ ಬೆಟ್ಟದಲ್ಲಿ ಸಲ್ಲೇಖನವನ್ನು ಸ್ವೀಕರಿಸಿದರು. ಅಲ್ಲಿನ ಗುಹೆಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಪಾದಗಳು ಭವಿಷ್ಯ ನುಡಿದವನ ಪಾದಗಳಲ್ಲ. ತಿಳಿದ ಭವಿಷ್ಯಕ್ಕೆ ಅಂಜದೆ ನಡೆದ ಶ್ರುತಕೇವಲಿಯ ಪಾದಗಳು.

ಇಲ್ಲಿ ಒಂದು ಆಕ್ಷೇಪ ಸಹಜ. ಕೇವಲಜ್ಞಾನಿಯು ಮೂರು ಲೋಕ, ಮೂರು ಕಾಲಗಳನ್ನೂ ಅರಿಯುತ್ತಾನೆ. ಅವನನ್ನು ನಾವು ಪೂಜಿಸುತ್ತೇವೆ. ಹಾಗಾದರೆ ಕಾಲಜ್ಞಾನಕ್ಕೂ ಪೂಜ್ಯತೆಗೂ ಸಂಬಂಧವಿದೆಯಲ್ಲವೇ? ಸಂಬಂಧವಿದೆ, ಆದರೆ ಅದರ ಕ್ರಮವನ್ನು ಗಮನಿಸಬೇಕು. ಮೊದಲು ಕ್ಷಯವಾಗುವುದು ಮೋಹನೀಯ ಕರ್ಮ. ಕ್ಷೀಣಮೋಹವೆಂಬ ಹನ್ನೆರಡನೆಯ ಗುಣಸ್ಥಾನವನ್ನು ಮುಟ್ಟಿದ ಮೇಲೆಯೇ ಜ್ಞಾನಾವರಣ, ದರ್ಶನಾವರಣ, ಅಂತರಾಯಗಳು ಕಳಚುತ್ತವೆ. ಆಮೇಲೆ ಹದಿಮೂರನೆಯದರಲ್ಲಿ ಕೇವಲಜ್ಞಾನ. ವೀತರಾಗತೆ ಬೇರು, ಸರ್ವಜ್ಞತೆ ಅದರ ಫಲ. ಕಾಲಯಂತ್ರವನ್ನೇರಿದವನು ಬೇರಿಲ್ಲದೆ ಫಲವನ್ನು ಬಯಸುತ್ತಾನೆ. ಸಾವಿರ ವರ್ಷ ಹಿಂದಕ್ಕೆ ಹೋದರೂ ಮುಂದಕ್ಕೆ ಹೋದರೂ ಅವನ ಕ್ರೋಧ, ಮಾನ, ಮಾಯೆ, ಲೋಭಗಳು ಅವನ ಜೊತೆಯಲ್ಲೇ ಪಯಣಿಸುತ್ತವೆ. ಸಿದ್ಧ ಪರಮೇಷ್ಠಿಯಾದರೋ ಹೋಗಿ ಮತ್ತೆ ಮರಳುವವನಲ್ಲ. ಅವನಿಗೆ ಹೋಗಬೇಕಾದ ಇನ್ನೊಂದು ಕಾಲವೇ ಉಳಿದಿಲ್ಲ.

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯ ಮೊದಲಲ್ಲೇ ಈ ವಿವೇಕವನ್ನು ಕಲಿಸಿದ್ದಾರೆ. ದೇವತೆಗಳ ಆಗಮನ, ಆಕಾಶಗಮನಗಳಂತಹ ಅದ್ಭುತಗಳು ಮಾಯಾವಿಗಳಲ್ಲಿಯೂ ಕಾಣಬಹುದಾದ್ದರಿಂದ, ಜಿನೇಶ್ವರನ ಹಿರಿಮೆಯನ್ನು ಅವುಗಳ ಮೇಲೆ ನಿಲ್ಲಿಸಲು ಅವರು ಒಪ್ಪಲಿಲ್ಲ. ತನ್ನ ಆರಾಧ್ಯನನ್ನೇ ಪರೀಕ್ಷೆಗೆ ಒಡ್ಡುವ ಈ ಧೈರ್ಯ ಇಂದಿನ ಭಕ್ತರಿಗೂ ಬೇಕು. ಮಗನ ಕಾಯಿಲೆಯಿಂದ ಕಂಗೆಟ್ಟ ತಂದೆಯೊಬ್ಬನು ನಾಳೆಯನ್ನು ಹೇಳುವವರನ್ನು ಹುಡುಕಿ ಅಲೆದರೆ ಅವನನ್ನು ಹಳಿಯುವುದು ಸಲ್ಲದು. ಆ ಆತಂಕ ಮಾನವ ಸಹಜವಾದುದು. ಆದರೆ ಅವನಿಗೆ ಬೇಕಾಗಿರುವುದು ಮಗನಿಗೆ ಚಿಕಿತ್ಸೆ, ತನಗೆ ಸಮತೆ. ನಾಳೆಯ ಸುದ್ದಿ ಈ ಎರಡನ್ನೂ ಕೊಡಲಾರದು.

ಪಂಚನಮಸ್ಕಾರ ಮಂತ್ರದಲ್ಲಿ ಮೊದಲ ವಂದನೆ ಸಲ್ಲುವುದು ಅರಿಹಂತರಿಗೆ, ಒಳಗಿನ ಅರಿಗಳನ್ನು ಗೆದ್ದವರಿಗೆ. ಜೈನ ಶ್ರಾವಕನಿಗೂ ಕಾಲದೊಡನೆ ವ್ಯವಹರಿಸುವ ದಾರಿಯೊಂದಿದೆ. ಪ್ರತಿಕ್ರಮಣದಲ್ಲಿ ಅವನು ಕಳೆದುದಕ್ಕೆ ಮರಳಿ ತಪ್ಪನ್ನು ಒಪ್ಪಿಕೊಳ್ಳುತ್ತಾನೆ, ಪ್ರತ್ಯಾಖ್ಯಾನದಲ್ಲಿ ಬರುವುದಕ್ಕೆ ಮುಂದಾಗಿ ತ್ಯಾಗದ ಸಂಕಲ್ಪ ಮಾಡುತ್ತಾನೆ, ಸಾಮಾಯಿಕದಲ್ಲಿ ಈ ಕ್ಷಣದಲ್ಲಿ ನೆಲೆಗೊಳ್ಳುತ್ತಾನೆ. ಇದಕ್ಕೆ ಯಾವ ಯಂತ್ರವೂ ಬೇಡ. ನಲವತ್ತೆಂಟು ನಿಮಿಷಗಳ ಒಂದು ಮುಹೂರ್ತ ಸಾಕು.