ಗುಳೆ ಹೋದವರಿಗೊಂದು ಕಾಗದ

ಕ್ಷೇಮ ಕೇಳಿ ಮಾತು ಶುರುಮಾಡುವ ಪದ್ಧತಿ ರಾಯಚೂರು ಸೀಮೆಗೆ ಬಹಳ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ನಿಜಕ್ಕೂ ಕಲ್ಲಿಗಿಳಿದ ಕಾಗದ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ರಾಜನ ಅಪ್ಪಣೆ ತಿಳಿಸುವ ಮೊದಲು ಅಲ್ಲಿಯವರ ಆರೋಗ್ಯ ವಿಚಾರಿಸಲಾಗಿದೆ. ಆ ಸುವರ್ಣಗಿರಿ ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುವ ವಿದ್ವಾಂಸರಿದ್ದಾರೆ, ರಾಯಚೂರು ಜಿಲ್ಲೆಯ ಮಸ್ಕಿಯೇ ಎನ್ನುವವರೂ ಇದ್ದಾರೆ. ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದ್ದು ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಬರೀ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು. ಅಶೋಕ ಎಂಬ ಹೆಸರು ಕಾಗದದ ಸಹಿಯಂತೆ ಮೊದಲು ಕಣ್ಣಿಗೆ ಬಿದ್ದದ್ದು ಮಸ್ಕಿಯಲ್ಲಿ.

ಇಂಥ ಊರಿನ ಮಕ್ಕಳು ಇವತ್ತು ಒಂದು ಕಾಗದವನ್ನೂ ಬರೆಯದೆ ಹತ್ತನೇ ಇಯತ್ತೆ ಮುಗಿಸುತ್ತಿದ್ದಾರೆ.

ಪತ್ರ ಬರೆಯುವುದನ್ನು ಕಲಿಸುವುದಿಲ್ಲ ಎಂದಲ್ಲ. ಪತ್ರಲೇಖನ ಕನ್ನಡ ಪಠ್ಯದಲ್ಲಿದೆ, ಪರೀಕ್ಷೆಯಲ್ಲೂ ಬರುತ್ತದೆ. ಎಡಕ್ಕೆ ‘ಇವರಿಂದ’, ಕೆಳಗೆ ‘ಇವರಿಗೆ’, ದಿನಾಂಕ, ಒಕ್ಕಣೆ. ನಿಮ್ಮ ಶಾಲೆಯ ವಾರ್ಷಿಕೋತ್ಸವದ ಬಗ್ಗೆ ತಂದೆಗೆ ಬರೆಯಿರಿ ಎಂದರೆ ಮಕ್ಕಳು ಬಾಯಿಪಾಠ ಮಾಡಿದ್ದನ್ನು ಇಳಿಸುತ್ತಾರೆ. ಆ ತಂದೆ ಪರೀಕ್ಷೆಯ ತಂದೆ. ನಿಜವಾದ ತಂದೆ ಅದೇ ಹೊತ್ತಿಗೆ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿರುತ್ತಾನೆ. ಅವನಿಗೆ ಬರೆಯಬಹುದೆಂದು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಗೆ ಅಗಲಿಕೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕೃಷ್ಣಾ, ಗೋದಾವರಿ ಸೀಮೆಯ ರೈತರು ಬಂದು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಇಲ್ಲೇ ನೆಲೆ ಸಿಕ್ಕಿತು. ನೀರು ಬಂದ ಕಡೆ ಹೊರಗಿನವರು ಬಂದರು; ನೀರು ಮುಟ್ಟದ ಊರುಗಳಿಂದ, ತಾಂಡಾಗಳಿಂದ ಜನ ಗುಳೆ ಹೊರಟರು. ಸುಗ್ಗಿ ಮುಗಿದರೆ ಬೆಂಗಳೂರು, ಪುಣೆ, ಗೋವಾ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಕಾಗದದ ಅಗತ್ಯ ಎಲ್ಲಿ ಹೆಚ್ಚೆಂದು ಕೇಳಿದರೆ ಈ ಮನೆಗಳನ್ನೇ ಮೊದಲು ತೋರಿಸಬೇಕು.

ಮೊಬೈಲು ಬರುವ ಮುಂಚೆ ಈ ಅಂತರವನ್ನು ತುಂಬುತ್ತಿದ್ದದ್ದು ಟಪಾಲು. ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಇಲ್ಲಿ ಓಡಾಡುತ್ತಿದ್ದುದು ಅವರದೇ ಅಂಚೆ, ಅವರದೇ ಸ್ಟ್ಯಾಂಪು. 1950ರಲ್ಲಿ ಅದು ಭಾರತದ ಅಂಚೆಯಲ್ಲಿ ಸೇರಿತು. ಆಡಳಿತ ಬದಲಾದರೂ ಮನೆಯ ಕಾಗದದ ಒಕ್ಕಣೆ ಬದಲಾಗಲಿಲ್ಲ. ಮೇಲೆ ನಡುವೆ ಶ್ರೀ, ಮೂಲೆಯಲ್ಲಿ ಕ್ಷೇಮ. ತೀರ್ಥರೂಪ ತಂದೆಯವರಿಗೆ ಶಿರಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ಆಮೇಲೆ ವಿಷಯ. ಮಳೆ ಆಯಿತೇ, ಎಮ್ಮೆ ಈಯಿತೇ, ಸಾಲ ಎಷ್ಟು ತೀರಿತು. ನೀಲಿ ಇನ್‌ಲ್ಯಾಂಡಿನ ಮುಖ್ಯಭಾಗ ತುಂಬಿದ ಮೇಲೂ ಹೇಳುವುದು ಉಳಿದಿರುತ್ತಿತ್ತು. ಆಗ ಕಾಗದವನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಬರೆಯುವುದು, ಅಂಟು ಹಚ್ಚುವ ಮಡಿಕೆಯ ಮೇಲೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಮಾತು ತುರುಕುವುದು. ಬಹಳ ಸಲ ಅತಿ ಮುಖ್ಯವಾದ ಮಾತು ಇರುತ್ತಿದ್ದುದು ಆ ಅಂಚಿನಲ್ಲೇ. ಓದು ಬಾರದ ಮನೆಯಲ್ಲಿ ಅಂಚೆಯಣ್ಣನೋ ಮಾಸ್ತರರೋ ಕಟ್ಟೆಯ ಮೇಲೆ ಕೂತು ಓದುತ್ತಿದ್ದರು. ಸಾವಿನ ಸುದ್ದಿಯ ಕಾರ್ಡನ್ನು ಓದಿ ಹರಿದು ಹೊರಗೇ ಚೆಲ್ಲುತ್ತಿದ್ದರು. ಉಳಿದವು ತಂತಿಗೆ ಪೋಣಿಸಿಕೊಂಡು ಗೋಡೆಯ ಮೊಳೆಗೆ ತೂಗುತ್ತಿದ್ದವು.

ಈಗ ಫೋನಿದೆ, ದಿನಾ ಮುಖ ನೋಡಬಹುದು, ಕಾಗದ ಯಾಕೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಅಕ್ಷರ ಬಾರದ ಅಜ್ಜಿಗೆ ಮಗನ ದನಿ ಕೇಳುವುದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಫೋನನ್ನು ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಆದರೆ ಆ ಕರೆಗಳನ್ನು ಕಿವಿಗೊಟ್ಟು ಕೇಳಬೇಕು: ಊಟ ಆತೇನು, ಆತು, ಸಾಲಿಗೆ ಹೋಗಿದ್ದಿ ಏನು, ಹೋಗಿದ್ದೆ, ಇಡ್ಲೇನು. ಸುತ್ತ ನಾಲ್ಕು ಜನ ಇರುತ್ತಾರೆ. ಹನ್ನೆರಡು ವರ್ಷದ ಹುಡುಗಿ ತನಗೆ ರಾತ್ರಿ ಹೆದರಿಕೆಯಾಗುತ್ತದೆ ಎಂದು ಸ್ಪೀಕರಿನಲ್ಲಿ ಹೇಳುವುದಿಲ್ಲ. ಪೆನ್ನು ಹಿಡಿದು ಒಬ್ಬಳೇ ಕೂತರೆ ಹೇಳಿಯಾಳು. ಹೇಳುವುದಕ್ಕೆ ಮುನ್ನ ತನಗೇನಾಗುತ್ತಿದೆ ಎಂದು ತಾನೇ ಯೋಚಿಸಿಯಾಳು. ಕೈಬರಹದ ಸುಖ ಇರುವುದು ಈ ಯೋಚನೆಯಲ್ಲಿ. ಕಾಗದ ಊರು ಬಿಡುವ ಮೊದಲೇ ಬರೆದವರಿಗೆ ಅರ್ಧ ಹಗುರಾಗಿರುತ್ತದೆ.

ಕೈ ಮತ್ತು ಮಿದುಳಿನ ನಂಟನ್ನು ವಿಜ್ಞಾನಿಗಳೂ ನೋಡಿದ್ದಾರೆ. ನಾರ್ವೆಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 36 ವಿದ್ಯಾರ್ಥಿಗಳ ತಲೆಗೆ ಸಂವೇದಕಗಳನ್ನು ಜೋಡಿಸಿ ಪರೀಕ್ಷಿಸಿದರು. ಕೀಲಿ ಒತ್ತುವಾಗಿನದಕ್ಕಿಂತ ಕೈಯಲ್ಲಿ ಬರೆಯುವಾಗ ಮಿದುಳಿನ ಭಾಗಗಳ ನಡುವಿನ ಸಂಪರ್ಕ ಹೆಚ್ಚು ವಿಸ್ತಾರವಾಗಿತ್ತು ಎಂದು 2024ರಲ್ಲಿ ಪ್ರಕಟಿಸಿದರು.

ಅಂಚೆ ಇಲಾಖೆ ತನ್ನ ಕಡೆಯಿಂದ ‘ಢಾಯಿ ಆಖರ್’ ಎಂಬ ಪತ್ರ ಬರೆಯುವ ಸ್ಪರ್ಧೆ ನಡೆಸುತ್ತ ಬಂದಿದೆ. 2024–25ರಲ್ಲಿ ಕೊಟ್ಟ ವಿಷಯವೇ ಬರವಣಿಗೆಯ ಆನಂದ. ಕನ್ನಡದಲ್ಲೂ ಬರೆಯಬಹುದು, ರಾಜ್ಯಮಟ್ಟದ ಮೊದಲ ಬಹುಮಾನ 25,000 ರೂಪಾಯಿ. ಒಳ್ಳೆಯ ಕೆಲಸ. ಆದರೂ ಅಲ್ಲಿ ಮಗು ಬರೆಯುವುದು ಬಹುಮಾನಕ್ಕೆ, ಉತ್ತರ ಬರೆಯುವವರು ಯಾರೂ ಇಲ್ಲ. ಉತ್ತರಕ್ಕೆ ಕಾಯುವುದೇ ಇಲ್ಲದ ಕಾಗದದಲ್ಲಿ ಅರ್ಧ ಸುಖ ಕಡಿಮೆ. ಬಂದ ಪತ್ರಕ್ಕೆಲ್ಲ ಕಾರ್ಡಿನಲ್ಲಿ ಉತ್ತರಿಸುತ್ತಿದ್ದ ಶಿವರಾಮ ಕಾರಂತರಿಗೆ ನಾಡಿನ ಮೂಲೆ ಮೂಲೆಯಿಂದ ಅಷ್ಟೊಂದು ಜನ ಬರೆಯುತ್ತಿದ್ದದ್ದಕ್ಕೆ ಉತ್ತರ ಬಂದೇ ಬರುತ್ತದೆ ಎಂಬ ನಂಬಿಕೆಯೂ ಕಾರಣ.

ಸಮಯ ಬಹಳ ಇದೆ ಎಂದುಕೊಳ್ಳುವ ಹಾಗಿಲ್ಲ. ಡೆನ್ಮಾರ್ಕಿನಲ್ಲಿ 1624ರಿಂದ ನಡೆದುಬಂದ ಸರಕಾರಿ ಅಂಚೆ 2025ರ ಕೊನೆಗೆ ಕಾಗದಗಳ ಬಟವಾಡೆಯನ್ನೇ ನಿಲ್ಲಿಸಿತು. ನಮ್ಮಲ್ಲಿಯೂ ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಹಳ್ಳಿಗಳಲ್ಲಿ ಇನ್ನೂ ಶಾಖಾ ಅಂಚೆ ಕಚೇರಿಗಳಿವೆ, ಗ್ರಾಮೀಣ ಡಾಕ್ ಸೇವಕರಿದ್ದಾರೆ. ಕೆಂಪು ಡಬ್ಬಿಗೆ ಯಾರೂ ಕಾಗದ ಹಾಕದಿದ್ದರೆ ಅದನ್ನು ಉಳಿಸಿಕೊಡಿ ಎಂದು ಕೇಳುವ ಬಾಯಿಯೂ ಇರುವುದಿಲ್ಲ.

ಆದ್ದರಿಂದ ಮೂರೂ ತಾಲ್ಲೂಕುಗಳ ಶಾಲೆಗಳು ಅಕ್ಟೋಬರ್ 9ರ ವಿಶ್ವ ಅಂಚೆ ದಿನದ ವಾರದಲ್ಲಿ ಪತ್ರಲೇಖನದ ಒಂದು ಪಾಠವನ್ನು ನಿಜವಾದ ಕಾಗದಕ್ಕೆ ಬಿಟ್ಟುಕೊಡಲಿ. ಗುಳೆ ಹೋದ ತಂದೆತಾಯಿಗೆ, ಮದುವೆಯಾಗಿ ಹೋದ ಅಕ್ಕನಿಗೆ, ಕಾಲೇಜಿಗೆಂದು ಹೋದ ಅಣ್ಣನಿಗೆ ಮಗು ಬರೆಯಲಿ. ಮಾಸ್ತರರು ಓದಬಾರದು, ತಿದ್ದಬಾರದು, ಅಂಕ ಕೊಡಬಾರದು. ತೊಡಕಿರುವುದು ವಿಳಾಸದ್ದು. ಕೂಲಿಕಾರರ ಶೆಡ್ಡಿಗೆ ಬಾಗಿಲ ನಂಬರು ಇರುವುದಿಲ್ಲ. ಮೇಸ್ತ್ರಿಯ ಮನೆಯೋ ಹತ್ತಿರದ ಕಿರಾಣಿ ಅಂಗಡಿಯೋ ‘ಕೇರಾಫ್’ ಆಗಬೇಕು. ಅದನ್ನು ಹಿಂದಿನ ದಿನ ಫೋನಿನಲ್ಲೇ ಕೇಳಿ ಬರೆದುಕೊಳ್ಳಬಹುದು. ಇನ್‌ಲ್ಯಾಂಡಿನೊಳಗೆ ಏನನ್ನೂ ಇಡುವಂತಿಲ್ಲ, ಹಾಗಾಗಿ 5 ರೂಪಾಯಿಯ ಲಕೋಟೆಯೇ ಮೇಲು. ಅದರೊಳಗೆ ಮನೆಯ ವಿಳಾಸ ಮತ್ತು ಪಿನ್ ಕೋಡ್ ಮೊದಲೇ ಬರೆದ 50 ಪೈಸೆಯ ಖಾಲಿ ಕಾರ್ಡೊಂದನ್ನು ಇಟ್ಟರೆ ಅಲ್ಪಸ್ವಲ್ಪ ಅಕ್ಷರ ಬಲ್ಲ ಅಪ್ಪನೂ ನಾಲ್ಕು ಸಾಲು ಬರೆದು ಹಾಕಬಲ್ಲ. ಹೋಗಿಬರುವ ಒಟ್ಟು ಖರ್ಚು 5 ರೂಪಾಯಿ 50 ಪೈಸೆ. ಶಾಲಾಭಿವೃದ್ಧಿ ಸಮಿತಿಗಳಿಗೆ (ಎಸ್‌ಡಿಎಂಸಿ) ಇದು ಹೊರಲಾರದ ಭಾರವಲ್ಲ.