ಶಾಲೆಯ ಮಾತು ಮನೆಗೆ ಬರಲಿ



ಊರಿನಲ್ಲಿರುವ ನಮ್ಮ ಹಿರಿಯರಿಗೆ ಸಿಂಗಪುರದ ಶಾಲೆಯೆಂದರೆ ದೊಡ್ಡ ಸಮಾಧಾನ. ಗೇಟಿನಲ್ಲಿ ಕಾವಲು, ಶುಚಿಯಾದ ಕೊಠಡಿ, ಮನೆಯಿಂದ ನಡೆದು ಹೋಗುವಷ್ಟು ದೂರ. ಇನ್ನೇನು ಬೇಕು ಎಂದು ಅವರು ಕೇಳುತ್ತಾರೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಅವರಿಗೆ ಹೇಳಬೇಕಾಗಿಲ್ಲ. ಆದರೆ ಗೇಟು ಭದ್ರವಾಗಿದ್ದ ಮಾತ್ರಕ್ಕೆ ಒಳಗಿರುವ ಮಗುವಿನ ಮನಸ್ಸು ನಿಶ್ಚಿಂತೆಯಿಂದ ಇದೆ ಎನ್ನಲಾಗದು ಎಂಬುದನ್ನು ನಾವು ನಾವೇ ನೆನಪಿಸಿಕೊಳ್ಳಬೇಕು.

ನಮ್ಮ ಅನೇಕ ಸಂಸಾರಗಳು ನೆಲಸಿರುವ ಪುಂಗೋಲ್ ಒಂದು ಕಾಲಕ್ಕೆ ಮೀನುಗಾರರ, ಹಂದಿ ಕೋಳಿ ಸಾಕುವವರ ಹಳ್ಳಿಯಾಗಿತ್ತು. 1996ರಲ್ಲಿ ಹೊಸ ನಗರದ ಯೋಜನೆ ಪ್ರಕಟವಾಯಿತು. 2003ರಲ್ಲಿ ರೈಲು ಬಂತು. ಆಮೇಲೆ ವಸತಿ ಕಟ್ಟಡಗಳೂ ಶಾಲೆಗಳೂ ಒಂದರ ಹಿಂದೊಂದು ಎದ್ದವು. ಇಲ್ಲಿ ಎಲ್ಲರೂ ಹೊಸಬರು. ನಮ್ಮ ಊರುಗಳಲ್ಲಿ ಮೇಷ್ಟ್ರು ಸಂತೆಯಲ್ಲೋ ದೇವಸ್ಥಾನದಲ್ಲೋ ಅಪ್ಪನಿಗೆ ಎದುರಾಗುತ್ತಿದ್ದರು, ಮಗುವಿನ ಸಮಾಚಾರ ತಾನಾಗಿ ಮನೆ ಸೇರುತ್ತಿತ್ತು. ಇಲ್ಲಿ ಹಾಗಲ್ಲ. ಮಗು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ.

2021ರ ಜುಲೈನಲ್ಲಿ ಇಲ್ಲಿನ ರಿವರ್ ವ್ಯಾಲಿ ಪ್ರೌಢಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ಇನ್ನೊಬ್ಬನ ಪ್ರಾಣ ತೆಗೆದ ದುರಂತ ಇಡೀ ದೇಶವನ್ನು ಕಲಕಿತು. ಅದರ ನಂತರ ಸರ್ಕಾರ ಆಪ್ತಸಲಹೆಗೆ ತರಬೇತಾದ ಉಪಾಧ್ಯಾಯರನ್ನು ಹೆಚ್ಚಿಸಲು ಮುಂದಾಯಿತು, ಮಕ್ಕಳೇ ಮಕ್ಕಳಿಗೆ ನೆರವಾಗುವ ಏರ್ಪಾಡನ್ನು ಎಲ್ಲ ಶಾಲೆಗಳಿಗೂ ತಂದಿತು. ಪರೀಕ್ಷೆಯ ಒತ್ತಡ ತಗ್ಗಿಸಲೆಂದು 2023ರ ಹೊತ್ತಿಗೆ ಪ್ರಾಥಮಿಕ, ಪ್ರೌಢ ಎರಡೂ ಹಂತಗಳಲ್ಲಿ ಮಧ್ಯವಾರ್ಷಿಕ ಪರೀಕ್ಷೆಗಳು ನಿಂತವು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವಿಷ್ಟೂ ನಿಂತಿರುವುದು ಒಂದು ಸಣ್ಣ ಸಂಗತಿಯ ಮೇಲೆ: ಮಗು ಬಾಯಿ ಬಿಡಬೇಕು.

ಕಾಟವೆಂದರೆ ಹೊಡೆತವೇ ಆಗಬೇಕಿಲ್ಲ. ಹೆಸರನ್ನು ತಿರುಚಿ ಕರೆಯುವುದು, ಡಬ್ಬಿಯ ಒಗ್ಗರಣೆ ವಾಸನೆಗೆ ಮೂಗು ಮುಚ್ಚಿಕೊಳ್ಳುವುದು, ಆಟಕ್ಕೆ ಸೇರಿಸದಿರುವುದು, ಫೋನಿನ ಗುಂಪಿನಿಂದ ಹೊರಗಿಡುವುದು, ಇವೂ ಕಾಟವೇ. ಮಗು ಇದನ್ನು ಉಪಾಧ್ಯಾಯರಿಗೆ ಹೇಳಿದರೆ ಚಾಡಿಕೋರ ಎನಿಸಿಕೊಳ್ಳುತ್ತದೆ. ಮನೆಯಲ್ಲಿ ಹೇಳಿದರೆ, "ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ, ಓದು" ಎಂಬ ಉತ್ತರ ಬರುತ್ತದೆ. ಎರಡನೆಯ ಸಲ ಅದು ಹೇಳುವುದಿಲ್ಲ.

ಇಲ್ಲಿ ನಮ್ಮ ಭಾಷೆಯ ಪ್ರಶ್ನೆಯೂ ಸೇರಿಕೊಂಡಿದೆ. ಸಿಂಗಪುರದ ಶಾಲೆಗಳಲ್ಲಿ ಭಾರತೀಯ ಮಕ್ಕಳಿಗೆ ಮಾತೃಭಾಷೆಯಾಗಿ ತಮಿಳು ಇದೆ. ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದುಗಳಿಗೂ ಅವಕಾಶವುಂಟು. ಕನ್ನಡ ಆ ಪಟ್ಟಿಯಲ್ಲಿಲ್ಲ. ಆದುದರಿಂದ ನಮ್ಮ ಮಕ್ಕಳು "ಮಾತೃಭಾಷೆ"ಯ ತರಗತಿಯಲ್ಲಿ ಬೇರೆಯವರ ತಾಯಿಯ ಭಾಷೆ ಕಲಿಯುತ್ತಾರೆ, ಅಂಗಳದಲ್ಲಿ ಇಂಗ್ಲಿಷ್ ಆಡುತ್ತಾರೆ. ಕನ್ನಡಕ್ಕೆ ಉಳಿದಿರುವುದು ಮನೆ ಮಾತ್ರ. ಆ ಮನೆಯಲ್ಲೂ ಕನ್ನಡವೆಂದರೆ "ಊಟ ಆಯ್ತಾ, ಹೋಂವರ್ಕ್ ಆಯ್ತಾ, ಎಷ್ಟು ಮಾರ್ಕ್ಸ್ ಬಂತು" ಎಂಬಲ್ಲಿಗೆ ಮುಗಿದರೆ, ಅವಮಾನ, ಅಂಜಿಕೆ, ಒಂಟಿತನ ಇವನ್ನು ಮಗು ಯಾವ ಮಾತಿನಲ್ಲಿ ಹೇಳಬೇಕು? ಕಷ್ಟ ಹೇಳಿಕೊಳ್ಳಲು ಒದಗದ ಕನ್ನಡವನ್ನು ರಾಜ್ಯೋತ್ಸವದ ಹಾಡಿನಿಂದ ಉಳಿಸಲಾಗದು ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು, ಮಗು ಅಳುತ್ತ ಇಂಗ್ಲಿಷಿನಲ್ಲಿ ಹೇಳತೊಡಗಿದಾಗ "ಕನ್ನಡದಲ್ಲಿ ಹೇಳು" ಎಂದು ತಡೆಯುವುದೂ ಸಲ್ಲ. ಮೊದಲು ಕೇಳೋಣ, ಉತ್ತರವನ್ನು ಕನ್ನಡದಲ್ಲಿ ಕೊಡೋಣ.

"ನಾವೂ ಬೆತ್ತದ ಏಟು ತಿಂದೇ ಬೆಳೆದೆವು, ಏನಾಯಿತು?" ಎನ್ನುವವರಿದ್ದಾರೆ. ಏಟು ತಿಂದು ಓದು ಮುಂದುವರಿಸಿದವರು ಇಂದು ಹೀಗೆ ಹೇಳಬಲ್ಲರು. ಹೆದರಿ ಶಾಲೆ ಬಿಟ್ಟವರ ಮಾತು ನಮ್ಮ ಕಿವಿಗೆ ಬೀಳುವುದಿಲ್ಲ. ಭಾರತದಲ್ಲೇ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಊರೇ ಕೆಳಗಿಡಲು ಹೊರಟ ಬೆತ್ತವನ್ನು ನಾವು ಇಲ್ಲಿ ಹಾಡಿ ಹೊಗಳುವುದು ಬೇಡ.

ಇನ್ನೊಂದು ಮಾತು ಕೊಂಚ ಕಹಿ. ಕಾಟ ಕೊಡುವ ಮಗು ನಮ್ಮದೇ ಆಗಿರಬಹುದು. 1964ರ ಗಲಭೆಯ ನೆನಪಿಗೆ ಇಲ್ಲಿನ ಶಾಲೆಗಳು 1997ರಿಂದ ಜುಲೈ 21ನ್ನು ಜನಾಂಗ ಸಾಮರಸ್ಯದ ದಿನವಾಗಿ ಆಚರಿಸುತ್ತಿವೆ. ಆ ದಿನ ಮಗುವಿಗೆ ಪಂಚೆ ಉಡಿಸಿ, ಲಂಗ ತೊಡಿಸಿ ಕಳಿಸುತ್ತೇವೆ. ಅದೇ ರಾತ್ರಿ ಊಟದ ಹೊತ್ತಿನಲ್ಲಿ ಪಕ್ಕದ ಮನೆಯವರ ಬಣ್ಣ, ಆಹಾರ, ಜಾತಿಯ ಬಗ್ಗೆ ಹಗುರವಾಗಿ ಆಡಿದರೆ ಮಗು ಮರುದಿನ ಶಾಲೆಗೆ ಒಯ್ಯುವುದು ಆ ಮಾತನ್ನೇ.

ಮಾಡಬೇಕಾದುದು ಬಹಳವಿಲ್ಲ. ಸಂಜೆಯ ಮೊದಲ ಪ್ರಶ್ನೆ ಅಂಕದ್ದಾಗದಿರಲಿ, "ಇವತ್ತು ಯಾರ ಜೊತೆ ಕೂತು ತಿಂದೆ?" ಎಂದು ಕೇಳಿದರೆ ಬಹಳಷ್ಟು ತಿಳಿಯುತ್ತದೆ. ತೊಂದರೆ ಬರುವ ಮೊದಲೇ ತರಗತಿಯ ಉಪಾಧ್ಯಾಯರ ಪರಿಚಯ ಮಾಡಿಕೊಳ್ಳಬೇಕು. ಪೋಷಕರ ಬೆಂಬಲ ತಂಡಕ್ಕೆ ಸೇರಬೇಕು. ತೊಂದರೆ ಬಂದಾಗ ಎದುರಿನ ಮಗುವಿನ ಮನೆಗೆ ಜಗಳಕ್ಕೆ ಹೋಗದೆ, ಏನಾಯಿತು, ಯಾವ ದಿನ ಎಂದು ಬರೆದಿಟ್ಟು ಉಪಾಧ್ಯಾಯರ ಬಳಿ, ಬಳಿಕ ಶಾಲೆಯ ಆಪ್ತಸಲಹೆಗಾರರ ಬಳಿ, ಆಮೇಲೆ ಪ್ರಾಂಶುಪಾಲರ ಬಳಿ ಹೋಗಬೇಕು. ಊರಿನಿಂದ ಬಂದಿರುವ ಅಜ್ಜಿ ತಾತಂದಿರಿಗೆ ಮಧ್ಯಾಹ್ನ ಬಿಡುವಿದೆ. ಮಗು ಅವರ ಮುಂದೆ ಆಡುವಷ್ಟು ಸಲೀಸಾಗಿ ನಮ್ಮ ಮುಂದೆ ಆಡುವುದಿಲ್ಲ.

ವಾರದ ಕನ್ನಡ ಪಾಠದಲ್ಲಿ ಕಾಗುಣಿತಕ್ಕೆ ಮೊದಲು ಕಾಲು ಗಂಟೆ ಮಕ್ಕಳ ಮಾತಿಗೇ ಮೀಸಲಿಡಬೇಕೆಂದು ನಾವು ಸೂಚಿಸುತ್ತೇವೆ. ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಬೇಕಾಗಿ ವಿನಂತಿ. ಮಗುವಿನ ಹೆಸರು, ಶಾಲೆಯ ಹೆಸರು ಬೇಡ. ಆದದ್ದನ್ನು ಬರೆದರೆ ಸಾಕು.